ಕ್ಯಾಬಿನ್

ಅರಸೀಕೆರೆಯಲ್ಲಿ ಏಪ್ರಿಲ್ ಅಂದರೆ
ಕೊಬ್ಬರಿಯ ಕಮಟು, ಕಾದ ಹಳಿಯ ವಾಸನೆ,
ಸಂಪಿನ ತಳ ಕೆರೆಯುವ ಬಕೆಟ್ಟಿನ ಸದ್ದು.
ಅಂಥ ಒಂದು ಮಧ್ಯಾಹ್ನ ನಾನು ಬಾಯಿಬಿಟ್ಟು ಅಂದೆ:
ಈ ಸಲ ಎರಡು ರಾತ್ರಿ, ಕಳಸದ ಆಚೆ,
ಭದ್ರಾ ಹೊಳೆಯ ದಡದಲ್ಲಿ ಮರದ ಕ್ಯಾಬಿನ್ನು ಬಾಡಿಗೆಗಿದೆಯಂತೆ.

ಇವರು ಮಜ್ಜಿಗೆ ಲೋಟ ಕೆಳಗಿಟ್ಟರು.
"ಇಪ್ಪತ್ತೆಂಟು ವರ್ಷ ಕ್ಯಾಬಿನ್ನಲ್ಲೇ ಕೂತೆ, ದಾಕ್ಷಾಯಿಣಿ.
ಈಗ ದುಡ್ಡು ಕೊಟ್ಟು ಕ್ಯಾಬಿನ್ನಾ?"

ಇವರ ಕ್ಯಾಬಿನ್ನು ಬೇರೆ.
ಹದಿನೆಂಟು ಮೆಟ್ಟಿಲು ಹತ್ತಿದರೆ ಸುತ್ತ ಗಾಜು,
ಸಾಲಾಗಿ ನಿಂತ ಲಿವರುಗಳು, ಕೆಂಪು, ಕಪ್ಪು, ನೀಲಿ,
ಬಟ್ಟೆ ಸುತ್ತಿ ಎಳೆಯಬೇಕು, ಬರಿಗೈಯಲ್ಲಿ ಹಿಡಿದರೆ ಸುಡುತ್ತೆ.
ಮದುವೆಯಾದ ಹೊಸತರಲ್ಲಿ ಒಮ್ಮೆ ಬುತ್ತಿ ಹೊತ್ತು ಹತ್ತಿದ್ದೆ.
ಗಾಡಿ ತಡ ಅವತ್ತು. ಒಂದು ಮಾತಿಲ್ಲ.
ಕೊನೆಯ ಬೋಗಿಯ ಕೆಂಪು ದೀಪ ದಾಟಿ,
ಮುಂದಿನ ಸ್ಟೇಷನ್ನಿಗೆ ಗಂಟೆ ಹೊಡೆದು,
ಆಮೇಲೆ ನನ್ನ ಕಡೆ ತಿರುಗಿ ಅಂದಿದ್ದು:
ಅನ್ನಕ್ಕೆ ಉಪ್ಪಿಲ್ಲ.

ಆ ಲಿವರುಗಳನ್ನು ಕಿತ್ತು ಗುಜರಿಗೆ ಹಾಕಿ ಎಷ್ಟೋ ವರ್ಷ.
ಈಗ ಪರದೆ ಮುಂದೆ ಕೂತು ಬೆರಳಿಟ್ಟರೆ ಸಾಕು.
ಅಂಗೈಯ ಜಡ್ಡು ಮಾತ್ರ ಹಾಗೇ ಇದೆ,
ಎಣ್ಣೆ ಹಚ್ಚಿದರೂ ಹೋಗಲಿಲ್ಲ.

ಕರೆಂಟು ಬಿಲ್ಲಿನ ಹಿಂದೆ ಪಟ್ಟಿ ಬರೆದೆ.
ದೋಸೆಹಿಟ್ಟು ಬೇಡ, ದಾರಿಯಲ್ಲೇ ಹುಳಿ ಬರುತ್ತೆ. ಅವಲಕ್ಕಿ.
ಟಾರ್ಚು. ಇವರ ಬಿಪಿ ಮಾತ್ರೆ.
ಸುಚರಿತಳ ಹಳೇ ಸ್ವೆಟರು, ನನಗೀಗ ಸರಿಹೋಗುತ್ತೆ.
ಜಿಗಣೆಗೆ ಉಪ್ಪು. ಬೇಸಿಗೆಯಲ್ಲಿ ಎಲ್ಲಿಯ ಜಿಗಣೆ ಅಂದರು.
ಇರಲಿ, ಅನ್ನಕ್ಕೆ ಆಗುತ್ತೆ ಅಂದೆ.

ಮಾಲೀಕರು ಧರಣೇಂದ್ರಯ್ಯ ಅಂತ. ಫೋನಿನಲ್ಲೇ ಒಳ್ಳೆಯವರು ಅನ್ನಿಸಿತು.
"ಮೇ ತಿಂಗಳು ನೀರು ಮೊಣಕಾಲುದ್ದ ಅಷ್ಟೇ ಅಮ್ಮ,
ಬಂಡೆ ಮೇಲೆ ಕೂತು ಕಾಲು ಇಳಿಬಿಡಿ,
ಮರಿಮೀನು ಹಿಮ್ಮಡಿ ಕಚ್ಚುತ್ತವೆ, ಹೆದರಬೇಡಿ.
ಸಿಗ್ನಲ್ಲು ಬೇಕಾದರೆ ಗುಡ್ಡ ಹತ್ತಬೇಕು.
ಊಟ ನಮ್ಮ ಮನೆಯದು, ಈರುಳ್ಳಿ ಬೆಳ್ಳುಳ್ಳಿ ಹಾಕೋದಿಲ್ಲ."
ಸಿಗ್ನಲ್ಲು ಇಲ್ಲ ಅಂದದ್ದನ್ನು ಇವರಿಗೆ ಹೇಳಿದೆ.
ಸಿಗ್ನಲ್ಲಿಲ್ಲದ ಊರಾ, ಅಂತ ತುಂಬ ಹೊತ್ತು ನಕ್ಕರು.

ರಜೆ ಅರ್ಜಿ ಮೂರು ಸಲ ವಾಪಸ್ಸಾಯಿತು.
ಊರಿಗೆಲ್ಲ ಬೇಸಿಗೆ ರಜೆ ಅಂದರೆ
ನಮಗೆ ಇನ್ನೆರಡು ಗಾಡಿ ಜಾಸ್ತಿ.
ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದೆ, ಹೊಡೆದುಹಾಕಿದೆ, ಮತ್ತೆ ಸುತ್ತಿದೆ.
ಆ ವಾರವೆಲ್ಲ ಹುಳಿಸೊಪ್ಪಿನ ರಸ ತುಂಬಿದ ಹಾಗೆ ಇತ್ತು ಮನಸ್ಸು.

ಒಂದು ರಾತ್ರಿ, ದೀಪ ಆರಿಸಿದ ಮೇಲೆ,
"ಅಲ್ಲಿ ಗಾಡಿ ಸದ್ದು ಕೇಳುತ್ತಾ?"
ಹಳಿಯೇ ಇಲ್ಲವಲ್ಲ ಅಲ್ಲಿಗೆ.
"ಮತ್ತೆ ನಿದ್ದೆ?"

ನಾನು ನಗಲಿಲ್ಲ. ನೆನಪಿತ್ತು ನನಗೂ.
ಎಲ್ಲೋ ಹಳಿ ಕುಸಿದು ಗಾಡಿಗಳೆಲ್ಲ ನಿಂತ ರಾತ್ರಿ,
ಎರಡು ನಲವತ್ತಕ್ಕೆ ಬರಬೇಕಾದ ಗೂಡ್ಸು ಬರಲಿಲ್ಲ,
ಇಡೀ ಕ್ವಾರ್ಟರ್ಸು ಎದ್ದು ಕೂತಿತ್ತು.
ಕೂಸುಗಳು ಅತ್ತವು. ಮೆಹಬೂಬಣ್ಣ ಟಾರ್ಚು ಹಿಡಿದು
ಯಾರೋ ಕರೆದರಾ, ಅಂತ ಬಾಗಿಲು ಬಾಗಿಲಿಗೆ ಕೇಳುತ್ತ ಬಂದಿದ್ದರು.

ಬೆಳಿಗ್ಗೆ ಧರಣೇಂದ್ರಯ್ಯನವರಿಗೆ ಮತ್ತೆ ಫೋನು.
ಹೊಳೆ ರಾತ್ರಿ ಸದ್ದು ಮಾಡುತ್ತಾ ಸ್ವಾಮಿ?
"ಬೇಸಿಗೆಯಲ್ಲೂ ನಿಲ್ಲೋದಿಲ್ಲ ಅಮ್ಮ. ಬಂಡೆ ಜಾಸ್ತಿ ನೋಡಿ.
ಅದಕ್ಕೇ ಕೆಲವರು ಒಂದೇ ರಾತ್ರಿಗೆ ಗಂಟುಮೂಟೆ ಕಟ್ಟಿದ್ದಾರೆ."
ನನಗೆ ಖುಷಿಯಾಯಿತು. ಇವರಿಗೆ ಹೇಳಿದೆ:
ಅಲ್ಲೊಂದು ಗೂಡ್ಸು ಇದೆಯಂತೆ.
ಯಾವಾಗಲೋ ಹೊರಟಿದ್ದು, ಇನ್ನೂ ದಾಟುತ್ತಲೇ ಇದೆ.
ಇವರು ಶೇವಿಂಗ್ ನಿಲ್ಲಿಸಿ, ನೊರೆಗಲ್ಲದಲ್ಲೇ,
"ಎಷ್ಟು ಬೋಗಿ?" ಅಂದರು.

ಅರ್ಜಿ ನಾಲ್ಕನೇ ಸಲ ಹೋಗಿದೆ. ಇನ್ನೂ ಉತ್ತರವಿಲ್ಲ.
ನಿನ್ನೆ ಪಟ್ಟಿ ತೆಗೆದು ನೋಡಿದರೆ
ಉಪ್ಪಿನ ಕೆಳಗೆ ಇವರ ಅಕ್ಷರ,
ರಿಜಿಸ್ಟರಿನಲ್ಲಿ ಬರೆಯುವ ಹಾಗೇ ಗುಂಡಗೆ:
ಹೊರಡುವುದು ೦೫.೪೦.
ತಲುಪುವುದು ೧೨.೧೫.
ವಾಪಸ್ಸು,
ಅದರ ಮುಂದೆ ಏನೂ ಬರೆದಿಲ್ಲ.

ಮರೆತಿರಬೇಕು. ನಾನು ಕೇಳಲಿಲ್ಲ.